ಕೇಜಿನಿಂದ ರೈಲಿಗೆ: ಒಂದು ಊರು ಧೈರ್ಯವನ್ನು ಮತ್ತೆ ಕಲಿತ ಬಗೆ

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಕಾರ್ಮಿಕರು ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದರು. ಅಷ್ಟು ಕೆಳಗೆ ಬಂಡೆ ತಾನಾಗಿಯೇ ಕಾದಿರುತ್ತದೆ. ಯಂತ್ರಗಳಿಂದ ತಂಪು ಗಾಳಿ ತಳ್ಳದಿದ್ದರೆ ಅಲ್ಲಿ ಮನುಷ್ಯ ನಿಲ್ಲಲಾರ. ಮೇಲಿನ ಭಾರ ತಾಳಲಾರದೆ ಬಂಡೆ ಒಮ್ಮೆಲೇ ಸಿಡಿಯುವುದೂ ಇತ್ತು. ಎಂಜಿನಿಯರುಗಳ ವರದಿಯಲ್ಲಿ ಅದು ರಾಕ್ ಬರ್ಸ್ಟ್, ಗಣಿಯ ಜನರ ಬಾಯಲ್ಲಿ ಏರ್ ಬ್ಲಾಸ್ಟ್. ಅದರ ಅದುರು ಮೇಲಿನ ಮನೆಗಳ ಗೋಡೆಗೂ ತಟ್ಟುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಪಾಳಿಯ ಸೈರನ್ ಕೂಗಿದಾಗ ಗಂಡಸರು ಕೇಜು ಎಂಬ ಗಣಿಯ ಲಿಫ್ಟಿನೊಳಗೆ ನಿಂತು ಕತ್ತಲೆಗೆ ಇಳಿಯುತ್ತಿದ್ದರು. ಮರುದಿನವೂ ಇಳಿಯುತ್ತಿದ್ದರು. ಅಪ್ಪ ಇಳಿದ ಗಣಿಗೆ ಮಗ, ಆಮೇಲೆ ಮೊಮ್ಮಗ.

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ನ ಬಾಗಿಲು ಮುಚ್ಚಿತು. ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಕೆಲಸ ಹೋಯಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ ಉಳಿದದ್ದು ಚಿನ್ನ ತೆಗೆದು ಬಿಸುಟ ಪುಡಿಯ ಸೈನೈಡ್ ದಿಬ್ಬಗಳು, ತುಕ್ಕು ಹಿಡಿದ ಶಾಫ್ಟ್‌ಗಳು ಮತ್ತು ಕಾರ್ಮಿಕರ ಸಾಲು ಸಾಲು ಲೈನ್ ಮನೆಗಳು. ಕೆಲಸ ಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಬೆಳಗಿನ ರೈಲು ಹತ್ತಬೇಕು, ಗುರುತಿಲ್ಲದ ಬೀದಿಯಲ್ಲಿ ವಿಳಾಸ ಕೇಳಬೇಕು, ಅರ್ಜಿ ತುಂಬಬೇಕು, ತನಗಿಂತ ಕಿರಿಯನ ಮುಂದೆ ಕೂತು ನಿನಗೇನು ಗೊತ್ತು ಎಂಬ ಪ್ರಶ್ನೆಗೆ ಉತ್ತರಿಸಬೇಕು. ಏರ್ ಬ್ಲಾಸ್ಟಿಗೆ ಜಗ್ಗದ ಮನುಷ್ಯನಿಗೆ ಈ ಬಾಗಿಲ ಮುಂದೆ ನಾಲಿಗೆ ಒಣಗಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇದೇ ಈ ಲೇಖನದ ವಿಷಯ.

ಧೈರ್ಯವೊಂದಿದ್ದರೆ ಎಲ್ಲಿ ಬೇಕಾದರೂ ಬದುಕಬಹುದು ಎನ್ನುವುದು ನಮ್ಮ ರೂಢಿಯ ಮಾತು. ಆ ಮಾತಿನಲ್ಲಿ ಧೈರ್ಯವೆಂದರೆ ಎದೆಯೊಳಗೆ ಕೂಡಿಟ್ಟ ಗಂಟು. ಹೆಚ್ಚಿದ್ದವನಿಗೆ ಎಲ್ಲ ಕಡೆ ಹೆಚ್ಚು, ಇಲ್ಲದವನಿಗೆ ಎಲ್ಲೂ ಇಲ್ಲ. ಕೋಲಾರ ಗೋಲ್ಡ್ ಫೀಲ್ಡ್ಸ್, ಅಂದರೆ ಈ ಕೆಜಿಎಫ್‌ನ ಕಥೆ ಅದನ್ನು ಒಪ್ಪುವುದಿಲ್ಲ. ಧೈರ್ಯ ಒಂದು ಕೆಲಸಕ್ಕೆ, ಒಂದು ಜಾಗಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಹೊಸ ಜಾಗಕ್ಕೆ ಹೋದವರು ಅದನ್ನು ಅಲ್ಲಿ ಹೊಸದಾಗಿಯೇ ದುಡಿದುಕೊಳ್ಳಬೇಕು. ಹಾಗೆ ದುಡಿದುಕೊಳ್ಳಲು ಗೊತ್ತಾದ ದಾರಿಗಳಿವೆ. ಆ ದಾರಿಗಳನ್ನು ಮನಶ್ಶಾಸ್ತ್ರ ಹೆಸರಿಟ್ಟು ವಿವರಿಸುವ ಮೊದಲೇ ನಮ್ಮ ಕೋಲಾರ ಜಿಲ್ಲೆಯ ಜನ ಅವುಗಳಲ್ಲಿ ನಡೆದಿದ್ದಾರೆ.

ಮೊದಲು ಆ ಊರು ಹೇಗಿತ್ತು ಎಂಬುದನ್ನು ನೋಡೋಣ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಕಂಪನಿ 1880ರಲ್ಲಿ ಇಲ್ಲಿ ಕಾಲಿಟ್ಟ ಮೇಲೆ ಬೆಳೆದ ಈ ಊರು ಕಂಪನಿಯ ಊರು. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ನಲ್ಲಿಯ ನೀರೂ ಕಂಪನಿಯದೇ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು 1902ರಲ್ಲಿ ಮೊದಲು ಬಂದದ್ದು ಈ ಗಣಿಗೆ; ಬೆಂಗಳೂರಿನ ಬೀದಿದೀಪಕ್ಕೆ ಅದು ಸಿಕ್ಕಿದ್ದು ಮೂರು ವರ್ಷ ಕಳೆದು. ಬೌರಿಂಗ್‌ಪೇಟೆ ಎಂದು ಆಗ ಕರೆಯುತ್ತಿದ್ದ ಬಂಗಾರಪೇಟೆಯಿಂದ ಗಣಿಗೆ ರೈಲು ಹಳಿ ಬಿದ್ದದ್ದು 1894ರಲ್ಲಿ. ಒಂದು ಕಾಲಕ್ಕೆ ಮೂವತ್ತು ಸಾವಿರದ ಆಸುಪಾಸು ಜನ ದುಡಿಯುತ್ತಿದ್ದ ಊರು. ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತ ಕುಟುಂಬಗಳು, ಚಿತ್ತೂರು ಕಡೆಯ ತೆಲುಗರು, ಸುತ್ತಲ ಹಳ್ಳಿಯ ಕನ್ನಡಿಗರು, ಉರ್ದು ಮಾತಾಡುವವರು, ಆಂಗ್ಲೋ ಇಂಡಿಯನ್ನರು ಎಲ್ಲರೂ ಅಲ್ಲಿದ್ದರು.

ಇದನ್ನು ಸುಖದ ಬದುಕು ಎನ್ನಲಾಗದು. ಒಂದು ಕೋಣೆಯ ಮನೆಯಲ್ಲಿ ಇಡೀ ಸಂಸಾರ, ಎದೆಯಲ್ಲಿ ಬಂಡೆಯ ದೂಳು. 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ ಸಾವಿರಾರು ಕಾರ್ಮಿಕರ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಪತ್ತೆಯಾಗಿತ್ತು. ಆದರೂ ಜನ ಆ ಬದುಕಿಗೆ ಅಂಟಿಕೊಂಡರು, ಏಕೆಂದರೆ ಅಲ್ಲಿಯ ಕಷ್ಟ ಪರಿಚಿತವಾಗಿತ್ತು. ಯಾವ ಬಾಗಿಲಿಗೆ ಹೋದರೆ ಯಾರು ಸಿಗುತ್ತಾರೆ, ಮೇಸ್ತ್ರಿಗೆ ಹೇಗೆ ಮಾತಾಡಬೇಕು, ಸಂಬಳ ಯಾವಾಗ, ಸತ್ತರೆ ಯಾರು ಬರುತ್ತಾರೆ ಎಂಬುದೆಲ್ಲ ಗೊತ್ತಿತ್ತು. ಕಂಫರ್ಟ್ ಝೋನಿನಿಂದ ಹೊರಗೆ ಬನ್ನಿ ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರು ಇದನ್ನು ಮರೆಯುತ್ತಾರೆ. ಮನುಷ್ಯನನ್ನು ಕಟ್ಟಿಹಾಕುವುದು ಮೆತ್ತನೆಯ ಹಾಸಿಗೆಯಲ್ಲ, ಗುರುತಿನ ದಾರಿ. ಬಡವನಿಗೂ ಆ ದಾರಿ ಇರುತ್ತದೆ, ಬಹುಶಃ ಬಡವನಿಗೇ ಅದು ಹೆಚ್ಚು ಬೇಕಾಗಿರುತ್ತದೆ. ಎಡವಿ ಬಿದ್ದರೆ ಎತ್ತಲು ಅವನ ಹಿಂದೆ ಬೇರೇನೂ ಇರುವುದಿಲ್ಲ.

ಗಣಿ ಮುಚ್ಚಿದಾಗ ಆ ಗುರುತಿನ ದಾರಿ ಒಂದೇ ದಿನಕ್ಕೆ ಅಳಿಸಿಹೋಯಿತು.

ಹೊಸ ಜಾಗದಲ್ಲಿ ಧೈರ್ಯ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಈಗ ಸ್ವಲ್ಪ ದೂರದ ಒಬ್ಬ ಮನುಷ್ಯನ ಕಡೆ ಹೋಗಬೇಕು. ಆಲ್ಬರ್ಟ್ ಬಂಡೂರ ಹುಟ್ಟಿದ್ದು 1925ರಲ್ಲಿ, ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಮಂಡೇರ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿನ ಶಾಲೆಯಲ್ಲಿ ಮೇಷ್ಟ್ರುಗಳೇ ಕಡಿಮೆ. ಮಕ್ಕಳು ತಾವಾಗಿಯೇ ಓದಿಕೊಳ್ಳಬೇಕಿತ್ತು. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಬಂಡೂರ, ಹಾವೆಂದರೆ ನಡುಗುವ ಜನರನ್ನು ಕರೆಸಿ ಪ್ರಯೋಗ ಮಾಡಿದರು. ಹಾವಿನ ಭಯದಿಂದ ತೋಟಕ್ಕೂ ಇಳಿಯದ, ಕಾಡಿನ ಕಡೆ ಸುಳಿಯದ ಜನ ಅವರು. ಒಂದು ಗುಂಪಿನವರ ಕೈ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ನಡೆಸಿದರು: ಮೊದಲು ದೂರದಿಂದ ನೋಡುವುದು, ಆಮೇಲೆ ಬೇರೊಬ್ಬರು ಹಿಡಿದ ಹಾವನ್ನು ಮುಟ್ಟುವುದು, ಕೊನೆಗೆ ತಾವೇ ಮಡಿಲಲ್ಲಿ ಬಿಟ್ಟುಕೊಳ್ಳುವುದು. ಇನ್ನೊಂದು ಗುಂಪು ಬೇರೆಯವರು ಹಾಗೆ ಮಾಡುವುದನ್ನು ನೋಡಿತಷ್ಟೆ. ಮೂರನೆಯದಕ್ಕೆ ಏನೂ ಇಲ್ಲ. ಕೈಯಾರೆ ಮಾಡಿದವರ ನಂಬಿಕೆ ಎಲ್ಲರಿಗಿಂತ ಗಟ್ಟಿಯಾಯಿತು. ನೋಡಿದವರದ್ದೂ ಸ್ವಲ್ಪ ಏರಿತು. ಸುಮ್ಮನಿದ್ದವರು ಇದ್ದಲ್ಲೇ ಇದ್ದರು.

1977ರಲ್ಲಿ ಬಂಡೂರ ಇದನ್ನೆಲ್ಲ ಒಂದು ಸಿದ್ಧಾಂತವಾಗಿ ಬರೆದರು. 'ಈ ಕೆಲಸ ನನ್ನಿಂದ ಆಗುತ್ತದೆ' ಎಂಬ ನಂಬಿಕೆಗೆ ಎಲ್ಲಕ್ಕಿಂತ ಬಲವಾದ ಬೇರು ಆ ಕೆಲಸವನ್ನು ಒಮ್ಮೆ ಮಾಡಿ ನೋಡಿದ ಅನುಭವ. ಅದರ ನಂತರದ್ದು ನಮ್ಮಂಥವರೇ ಮಾಡುವುದನ್ನು ಕಣ್ಣಾರೆ ಕಾಣುವುದು. ನಂಬುವ ವ್ಯಕ್ತಿಯೊಬ್ಬರು 'ನಿನ್ನಿಂದ ಆಗುತ್ತೆ' ಎನ್ನುವ ಮಾತಿಗೂ ಒಂದಿಷ್ಟು ಬೆಲೆಯಿದೆ, ಆದರೆ ಬರೀ ಮಾತಿನಿಂದ ಏರಿದ ನಂಬಿಕೆ ಮೊದಲ ಏಟಿಗೇ ಇಳಿಯುತ್ತದೆ. ಇನ್ನು ಎದೆಬಡಿತ, ಬೆವರು, ಹೊಟ್ಟೆ ತಿರುಚುವಿಕೆಯಂಥ ದೇಹದ ಸೂಚನೆಗಳನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಆತ್ಮವಿಶ್ವಾಸದ ಹೆಸರಿನಲ್ಲಿ ನಡೆಯುವುದು ಬಹುಪಾಲು ಆ ಮೂರನೆಯದು, ಅಂದರೆ ಮಾತು. ಮೊದಲನೆಯದಕ್ಕೆ ಸಮಯ ಬೇಕು, ಜೊತೆಗೆ ನಿಲ್ಲುವವರು ಬೇಕು; ಅದನ್ನು ಯಾರೂ ಕೊಡುವುದಿಲ್ಲ. ನನಗೆ ಇದು ಬೇಸರದ ಸಂಗತಿ.

ಬಂಡೂರ ಹುಟ್ಟಿದ ವರ್ಷವೇ ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಇನ್ನೊಬ್ಬರಿದ್ದಾರೆ: ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದವರು. ಆಕಾಶದಿಂದ ಬೀಳುವ ವಿಶ್ವಕಿರಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ಅಳೆಯಬೇಕು ಎಂಬುದು ಹೋಮಿ ಭಾಭಾ ಅವರ ಆಸೆ. ಅದಕ್ಕೆ ಕೋಲಾರದ ಗಣಿಗಿಂತ ಒಳ್ಳೆಯ ಜಾಗ ಎಲ್ಲಿದೆ? 1950ರ ದಶಕದ ಆರಂಭದಲ್ಲಿ ಎಳೆಯ ಶ್ರೀಕಂಠನ್ ಉಪಕರಣಗಳೊಂದಿಗೆ ಗಣಿಗೆ ಬಂದರು. ಪ್ರಯೋಗಾಲಯದ ಮೇಜಿನಿಂದ ಕಪ್ಪು ಸುರಂಗಕ್ಕೆ ಇಳಿಯುವುದೆಂದರೆ ಅದೇನು ಸಣ್ಣ ಜಿಗಿತವಲ್ಲ. ಸೆಕೆ, ತೇವ, ದೂಳು, ಕೆಟ್ಟುಹೋಗುವ ಸಲಕರಣೆ. ಬೇಕಾದದ್ದು ತರಲು ಮತ್ತೆ ಕೇಜು ಹತ್ತಬೇಕು.

ಈ ಸಾಹಸದಲ್ಲಿ ನನ್ನನ್ನು ಸೆಳೆಯುವುದು ಅದರ ಮೆಟ್ಟಿಲುಗಳು. ಮೊದಲ ಅಳತೆಗಳು ನಡೆದದ್ದು ಕೆಲವೇ ನೂರು ಅಡಿಗಳ ಆಳದಿಂದ ಶುರುವಾಗಿ, ಕಡಿಮೆ ಆಳಗಳಲ್ಲಿ. ಒಂದು ಆಳದಲ್ಲಿ ಉಪಕರಣ ನಂಬಿಕಸ್ಥ ಎಂದಾದ ಮೇಲೆ ಮತ್ತೂ ಕೆಳಗೆ. 1960ರ ದಶಕದ ಆರಂಭದಲ್ಲಿ ಶ್ರೀಕಂಠನ್, ಎಂ.ಜಿ.ಕೆ. ಮೆನನ್, ರಮಣಮೂರ್ತಿ, ಜಪಾನಿನ ಸಬುರೊ ಮಿಯಾಕೆ ಅವರ ತಂಡ ಸುಮಾರು 2,700 ಮೀಟರ್ ಆಳ ಮುಟ್ಟಿತ್ತು. ಅಲ್ಲಿ ಎರಡು ತಿಂಗಳು ಕಾದರೂ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣ ಒಂದೇ ಒಂದೂ ಸಿಗಲಿಲ್ಲ. ಬರಿಗೈಲಿ ಬಂದರು ಎಂದು ಯಾರಾದರೂ ಹೇಳಬಹುದಿತ್ತು. ತಂಡ ಅದನ್ನು ಬೇರೆಯಾಗಿಯೇ ಓದಿತು: ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಬೇರಾವ ಕಣದ ಗದ್ದಲವೂ ಇಲ್ಲ, ಆದ್ದರಿಂದ ಹಿಡಿಯಲು ಅತಿ ಕಷ್ಟವಾದ ನ್ಯೂಟ್ರಿನೊವನ್ನು ಇಲ್ಲಿ ಹುಡುಕಬಹುದು. 1965ರಲ್ಲಿ ಮುಂಬಯಿ, ಒಸಾಕಾ, ಇಂಗ್ಲೆಂಡಿನ ಡರಂ ಈ ಮೂರೂ ಕಡೆಯ ವಿಜ್ಞಾನಿಗಳು ಸೇರಿ ವಾತಾವರಣದ ನ್ಯೂಟ್ರಿನೊ ಬಿಟ್ಟುಹೋದ ಗುರುತನ್ನು ಚಾಂಪಿಯನ್ ರೀಫ್‌ನಲ್ಲಿ ಕಂಡರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಕಂಡಿತ್ತು. ಜಗತ್ತಿಗೆ ಅವೇ ಮೊದಲು.

ಆ ವಿಜ್ಞಾನಿಗಳನ್ನು ಕೆಳಗಿಳಿಸಿ, ಸಾಮಾನು ಸಾಗಿಸಿ, ಎಲ್ಲಿ ತಲೆ ತಗ್ಗಿಸಬೇಕು, ಯಾವ ಸದ್ದು ಕೇಳಿದರೆ ನಿಲ್ಲಬೇಕು ಎಂದು ತೋರಿಸಬಲ್ಲವರು ಗಣಿಯ ಜನ. ಅಕ್ಷರ ಬಲ್ಲವರು ಕೈಗೂಸುಗಳಾಗಿದ್ದ ಜಾಗದಲ್ಲಿ ಅಕ್ಷರ ಬಾರದವರು ಗುರುಗಳಾಗಿದ್ದರು. ಮುಂದೆ 2001ರಲ್ಲಿ ಈ ಚಿತ್ರ ತಿರುಗಿತು. ಗಣಿಯ ಮನೆಗಳ ಜನ ಅಪರಿಚಿತ ನಗರಕ್ಕೆ ಕಾಲಿಡಬೇಕಾಯಿತು, ಅವರಿಗೆ ದಾರಿ ತೋರುವವರು ಬೇಕಾದರು. ಹಾಗೆ ತೋರಿದ್ದು ರೈಲು.

ಮಾರಿಕುಪ್ಪಂನಲ್ಲಿ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮಲ್ ನಗರಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆ ಜಂಕ್ಷನ್ನಿಗೆ ಬರುತ್ತದೆ. ಅಲ್ಲಿಂದ ಟೇಕಲ್, ಮಾಲೂರು, ವೈಟ್‌ಫೀಲ್ಡ್, ಹೂಡಿ, ಕೆ.ಆರ್. ಪುರ, ಕಂಟೋನ್ಮೆಂಟ್. ಬಂಗಾರಪೇಟೆಯಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಕೆಜಿಎಫ್‌ನಿಂದ ಹೋಗಿ ಬರುವವರ ದಿನದಲ್ಲಿ ನಾಲ್ಕೈದು ಗಂಟೆ ಈ ಹಳಿಯ ಮೇಲೆಯೇ ಕಳೆಯುತ್ತದೆ. ಕತ್ತಲಿರುವಾಗಲೇ ಮನೆ ಬಿಟ್ಟು ಕತ್ತಲಾದ ಮೇಲೆ ಮನೆ ಸೇರುವ ಸಾವಿರಾರು ಜನ ಇದರಲ್ಲಿದ್ದಾರೆ. ಗಾರೆ ಕೆಲಸದವರು, ಸೆಕ್ಯುರಿಟಿ ಗಾರ್ಡುಗಳು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ನರ್ಸ್‌ಗಳು, ಐಟಿ ಕಂಪನಿಗಳಲ್ಲಿ ಕೂತು ಕೆಲಸ ಮಾಡುವ ಯುವಕರು ಒಂದೇ ಬೋಗಿಯಲ್ಲಿ. ಇದನ್ನು ಬಣ್ಣಿಸಿ ಮೆಚ್ಚುವುದಕ್ಕಿಂತ ಮೊದಲು ಒಂದು ಮಾತು ಹೇಳಲೇಬೇಕು. ಮನೆಯ ಹತ್ತಿರ ಕೆಲಸ ಸಿಗದಂತೆ ಮಾಡಿ ಜನರನ್ನು ರೈಲಿಗೆ ಹತ್ತಿಸುವುದು ಆತ್ಮವಿಶ್ವಾಸದ ಪಾಠವಲ್ಲ, ಅದು ಅನ್ಯಾಯ. ಆದರೆ ಆ ಅನ್ಯಾಯದ ಒಳಗೇ ಜನ ಕಟ್ಟಿಕೊಂಡದ್ದು ನಿಜವಾದದ್ದು, ಕಲಿಯತಕ್ಕದ್ದು.

ಆಂಡರ್ಸನ್‌ಪೇಟೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಬೆರೆತ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ಬಿ.ಕಾಂ. ಮುಗಿದಿದೆ. ನಾಳೆ ವೈಟ್‌ಫೀಲ್ಡ್ ಕಡೆ ಇಂಟರ್‌ವ್ಯೂ. ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಮಹಿಳೆಯರ ಬೋಗಿಯಲ್ಲಿ ಎದುರು ಕೂತ, ವರ್ಷಗಳಿಂದ ಓಡಾಡುವ ಹೆಂಗಸು ಕೇಳುತ್ತಾಳೆ: "ಹೊಸಬಳಾ? ಎಲ್ಲಿಗಮ್ಮ?" ಹುಡುಗಿ ಹೇಳುತ್ತಾಳೆ. "ಹಂಗಾದ್ರೆ ವೈಟ್‌ಫೀಲ್ಡಲ್ಲಿ ಇಳೀಬೇಡ, ಹೂಡೀಲಿ ಇಳ್ಕೊ. ನಾನೂ ಅಲ್ಲೇ ಇಳಿಯೋದು. ಮೊದಲ್ನೇ ದಿನ ನಾನೂ ಅತ್ತಿದ್ದೆ." ಅಷ್ಟೇ ಮಾತು. ಆ ಹೆಂಗಸು ಉಪನ್ಯಾಸ ಮಾಡಲಿಲ್ಲ. ತನ್ನಂಥವಳೇ ಒಬ್ಬಳು, ತನ್ನ ಊರಿನವಳೇ, ಈ ದಾರಿಯಲ್ಲಿ ದಿನಾ ಹೋಗಿ ದಿನಾ ಕ್ಷೇಮವಾಗಿ ಮನೆಗೆ ಬರುತ್ತಾಳೆ ಎಂಬುದು ಹುಡುಗಿಯ ಕಣ್ಣೆದುರು ಕೂತಿದೆ. ಬಂಡೂರ ಅವರ ಮಾತಿನಲ್ಲಿ ಇದೇ 'ನಮ್ಮಂಥವರನ್ನು ನೋಡಿ ಹುಟ್ಟುವ ನಂಬಿಕೆ'. ಪತ್ರಿಕೆಯಲ್ಲಿ ಓದಿದ ದೊಡ್ಡವರ ಯಶೋಗಾಥೆ ಇಷ್ಟು ಕೆಲಸ ಮಾಡುವುದಿಲ್ಲ, ಏಕೆಂದರೆ ಆ ದೊಡ್ಡವರು ನಮ್ಮ ಹಾಗಿಲ್ಲ. ಎದುರು ಸೀಟಿನ ಅಕ್ಕ ನಮ್ಮ ಹಾಗೇ ಇದ್ದಾಳೆ.

ಈ ಹುಡುಗಿಯ ದೊಡ್ಡ ಅಳುಕು ರೈಲಲ್ಲ, ಮಾತು. ಕೆಜಿಎಫ್‌ನ ಎಷ್ಟೋ ಮಕ್ಕಳಿಗೆ ಕನ್ನಡ ಮನೆಯ ನುಡಿಯಲ್ಲ. ಬಂಗಾರಪೇಟೆಯ ಹಳ್ಳಿಗಳ ಎಷ್ಟೋ ಮಕ್ಕಳಿಗೆ ಇಂಗ್ಲಿಷು ಬಾಯಿಗೆ ಬಾರದು. ಒಬ್ಬರಿಗೆ ಸರ್ಕಾರಿ ಕಚೇರಿಯ ಕಿಟಕಿ ಹೆದರಿಕೆ, ಇನ್ನೊಬ್ಬರಿಗೆ ಗಾಜಿನ ಕಟ್ಟಡದ ರಿಸೆಪ್ಷನ್. ಎರಡು ಕಡೆಯೂ ಹೆದರಿಕೆಯ ಒಳತಿರುಳು ಒಂದೇ: ನಾನು ತಪ್ಪು ಮಾತಾಡಿದರೆ ಎಲ್ಲರೂ ನೋಡುತ್ತಾರೆ. ನೋಡುತ್ತಾರೆಯೇ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಯೊಬ್ಬನಿಗೆ ಮುಜುಗರ ತರುವ ಚಿತ್ರವಿರುವ ಟೀಶರ್ಟ್ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಇದ್ದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜಿಸಿದರು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲುಭಾಗ. ನಮ್ಮ ತಪ್ಪಿನ ಮೇಲೆ ಜಗತ್ತಿನ ಕಣ್ಣು ನಾವೆಣಿಸಿದಷ್ಟು ಇರುವುದಿಲ್ಲ. ಅವರವರ ಚಿಂತೆ ಅವರವರಿಗೆ. ಇದನ್ನು ತಲೆಯಲ್ಲಿ ಇಟ್ಟುಕೊಂಡರಷ್ಟೇ ಸಾಲದು, ಟಿಕೆಟ್ ಕೌಂಟರಿನಲ್ಲಿ, ಹೋಟೆಲಿನಲ್ಲಿ, ಬಸ್ಸಿನ ಕಂಡಕ್ಟರನ ಹತ್ತಿರ ತಪ್ಪು ಕನ್ನಡವನ್ನೋ ತಪ್ಪು ಇಂಗ್ಲಿಷನ್ನೋ ಆಡಿ ನೋಡಬೇಕು. ಅಲ್ಲಿ ತಪ್ಪಿದರೆ ಹೋಗುವುದು ಏನೂ ಇಲ್ಲ.

ಇಂಟರ್‌ವ್ಯೂನ ಬಾಗಿಲಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಸಮಾಧಾನ ಮಾಡ್ಕೊ, ಶಾಂತವಾಗಿರು ಎನ್ನುವುದು ಹಿರಿಯರ ಬುದ್ಧಿಮಾತು. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ದಾರಿ ಹೇಳುತ್ತದೆ. ಭಾಷಣ ಮಾಡುವ ಮೊದಲು ತಮಗೆ ತಾವೇ 'ನಾನು ಶಾಂತವಾಗಿದ್ದೇನೆ' ಎಂದುಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಎಂದುಕೊಂಡವರು ಚೆನ್ನಾಗಿ ಮಾಡಿದರು. ಕಾರಣ ಸರಳ. ಓಡುತ್ತಿರುವ ಎದೆಯನ್ನು ಒಂದೇ ನಿಮಿಷದಲ್ಲಿ ನಿಲ್ಲಿಸುವುದು ಕಷ್ಟ. ಅದೇ ಓಟಕ್ಕೆ ಬೇರೆ ಅರ್ಥ ಕೊಡುವುದು ಸುಲಭ. ಹಬ್ಬದ ಹಿಂದಿನ ರಾತ್ರಿಯೂ ಎದೆ ಹೀಗೇ ಹೊಡೆದುಕೊಂಡಿತ್ತಲ್ಲ?

ಹಾಗೆಂದು ಎಲ್ಲ ಅಂಜಿಕೆಯನ್ನೂ ದಾಟಬೇಕೆಂದಿಲ್ಲ. ಇದನ್ನು ಗಣಿಯ ಊರಿಗೆ ಯಾರೂ ಕಲಿಸಬೇಕಿಲ್ಲ. ಬಂಡೆಯಲ್ಲಿ ಬಿರುಕಿನ ಸದ್ದು ಕೇಳಿ ಹಿಂದೆ ಸರಿದವನು ಹೇಡಿಯಲ್ಲ, ಬಲ್ಲವನು. ದೂಳಿನ ಬಗ್ಗೆ ಅಂಜಿ ತಕರಾರು ತೆಗೆದವನು ಸರಿಯಾಗಿಯೇ ಅಂಜಿದ್ದ. ಗುರುತಿಲ್ಲದವರು ಫೋನಿನಲ್ಲಿ ಕೆಲಸ ಕೊಡಿಸುತ್ತೇವೆ, ಮೊದಲು ಹಣ ಕಟ್ಟಿ ಎಂದಾಗ ಹುಟ್ಟುವ ಅಳುಕು, ಹೊತ್ತು ಮೀರಿದ ಮೇಲೆ ಖಾಲಿ ಬೋಗಿಗೆ ಒಬ್ಬಳೇ ಹತ್ತಲು ಹೆಣ್ಣುಮಗಳಿಗೆ ಆಗುವ ಹಿಂಜರಿಕೆ ನಿಜವಾದ ಅಪಾಯದ ಸುದ್ದಿ ತರುತ್ತವೆ. ಇವನ್ನು ಕಂಫರ್ಟ್ ಝೋನ್ ಎಂದು ಹೆಸರಿಟ್ಟು ಹೀಯಾಳಿಸಬಾರದು. ಕೇಳಬೇಕಾದ ಪ್ರಶ್ನೆ ಒಂದೇ: ಇದು ತಪ್ಪಿದರೆ ನನಗೆ ಪೆಟ್ಟಾಗುತ್ತದೋ ಅಥವಾ ಬರೀ ಮುಜುಗರವಾಗುತ್ತದೋ? ಪೆಟ್ಟಾಗುವುದಾದರೆ ರಕ್ಷಣೆ ಮೊದಲು. ಮುಜುಗರವಾದರೆ ಮುಂದಿನ ಹೆಜ್ಜೆ.

ಒಬ್ಬೊಬ್ಬರೇ ಹೆಜ್ಜೆ ಇಡಬೇಕೆಂದೂ ಇಲ್ಲ. 1930ರ ಏಪ್ರಿಲ್‌ನಲ್ಲಿ ಕಂಪನಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ, ಬೆನ್ನಿಗೆ ನಿಲ್ಲುವ ಕಾರ್ಮಿಕ ಸಂಘವೇ ಇಲ್ಲದ ಕಾಲದಲ್ಲಿ, ಸಾವಿರಾರು ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಸಾಹೇಬರ ಎದುರು ತಲೆ ಎತ್ತಿ ಗೊತ್ತಿರದ ಜನ 'ಆಗುವುದಿಲ್ಲ' ಎಂದರು. ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಕಾರ್ಮಿಕರ ಬಗ್ಗೆ ಬರೆದ ಕೃತಿಯಲ್ಲಿ ಈ ಮುಷ್ಕರಕ್ಕೆ ದೊಡ್ಡ ಸ್ಥಾನವಿದೆ. ಒಬ್ಬನೇ ಆಡಲಾರದ ಮಾತನ್ನು ಪಕ್ಕದವನೂ ಆಡುತ್ತಾನೆ ಎಂದು ಗೊತ್ತಾದಾಗ ಆಡಬಹುದು. ಬಂಡೂರ ತಮ್ಮ ಮುಂದಿನ ಬರಹಗಳಲ್ಲಿ ಗುಂಪಿನ ಈ ನಂಬಿಕೆಯನ್ನೂ ಎತ್ತಿ ಹೇಳಿದ್ದಾರೆ.

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಧೈರ್ಯ ಒಂದೊಂದು ಕೆಲಸಕ್ಕೇ ಅಂಟಿಕೊಂಡಿದ್ದರೆ, ಗಣಿಯ ತಾತನ ಧೈರ್ಯ ಮೊಮ್ಮಗಳಿಗೆ ಏನೂ ಉಪಯೋಗವಿಲ್ಲವೇ? ಹಾವಿನ ಪ್ರಯೋಗಗಳಲ್ಲಿ ಇದಕ್ಕೊಂದು ಸುಳಿವಿದೆ. ಭಯ ಕಳೆದುಕೊಂಡವರಲ್ಲಿ ಕೆಲವರು ಹಾವಿಗೆ ಸಂಬಂಧವೇ ಇಲ್ಲದ ಬೇರೆ ವಿಷಯಗಳಲ್ಲೂ ತಮಗೆ ಧೈರ್ಯ ಬಂತೆಂದು ಹೇಳಿಕೊಂಡರು. ಜನರೆದುರು ಮಾತಾಡುವುದು ಅವುಗಳಲ್ಲೊಂದು. ಹಾವು ಹಿಡಿಯುವ ಕೌಶಲ ಭಾಷಣಕ್ಕೆ ಬರುವುದಿಲ್ಲ. 'ಇದು ನನ್ನಿಂದ ಆಗದು ಎಂದುಕೊಂಡಿದ್ದೆ, ಆಯಿತು' ಎಂಬ ನೆನಪು ಮಾತ್ರ ಬರುತ್ತದೆ. ತಾತ ಮೊಮ್ಮಗಳಿಗೆ ಹೇಳಬೇಕಾದದ್ದು ಅದನ್ನೇ ಎಂದು ನನಗನ್ನಿಸುತ್ತದೆ. ನಾನು ಮೂರು ಕಿಲೋಮೀಟರ್ ಇಳಿದಿದ್ದೆ, ನಿನಗೇನು ರೈಲು ಹತ್ತಲು ಭಯ ಎಂದು ಗದರುವುದು ಬೇಡ. ಅದು ಅವಳನ್ನು ಕುಗ್ಗಿಸುತ್ತದೆ. ಮೊದಲ ಸಲ ಕೇಜು ಜಾರಿದಾಗ ತನ್ನ ಹೊಟ್ಟೆಯಲ್ಲಿ ಏನಾಯಿತು, ಪಕ್ಕದಲ್ಲಿ ನಿಂತವನು ಏನೆಂದ, ಎಷ್ಟು ದಿನಕ್ಕೆ ರೂಢಿಯಾಯಿತು ಎಂದು ಹೇಳಲಿ. ಕೆಜಿಎಫ್‌ನ ಮನೆಗಳಲ್ಲಿ ಇಂಥ ತಾತಂದಿರು ಇನ್ನೂ ಇದ್ದಾರೆ, ಕೇಳುವವರು ಕಡಿಮೆಯಾಗಿದ್ದಾರೆ. ಚಿನ್ನದ ಗಣಿ ಎಂದರೆ 2018ರ ಸಿನಿಮಾ ಎಂದಷ್ಟೇ ಬಲ್ಲ ಮಕ್ಕಳಿಗೆ ಅವರ ಮಾತು ಬೇಕು.

ತಂದೆತಾಯಿ ಮಾಡುವ ಇನ್ನೊಂದು ಕೆಲಸವೂ ಇದೆ, ಪ್ರೀತಿಯಿಂದಲೇ ಮಾಡುತ್ತಾರೆ, ಅದೇ ಅಡ್ಡಿಯಾಗುತ್ತದೆ. ಮಗಳ ಜೊತೆ ಅಪ್ಪ ಇಂಟರ್‌ವ್ಯೂಗೆ ಬರುತ್ತಾರೆ, ಟಿಕೆಟ್ ಅವರೇ ತೆಗೆಯುತ್ತಾರೆ, ವಿಳಾಸ ಅವರೇ ಕೇಳುತ್ತಾರೆ, ಅರ್ಜಿ ಅವರೇ ತುಂಬುತ್ತಾರೆ. ಕೆಲಸ ಸಿಕ್ಕರೂ ಮಗಳ ಮನಸ್ಸು ಅದನ್ನು ಅಪ್ಪನ ಲೆಕ್ಕಕ್ಕೆ ಬರೆಯುತ್ತದೆ. ಬಂಡೂರ ಅವರ ಪ್ರಯೋಗದಲ್ಲಿ ಕೈ ಹಿಡಿದವರು ಹಂತ ಹಂತವಾಗಿ ಕೈ ಬಿಡುತ್ತಿದ್ದರು, ಕೊನೆಯ ಸುತ್ತಿನಲ್ಲಿ ಕೋಣೆಯಿಂದಲೇ ಹೊರಗೆ ಹೋಗುತ್ತಿದ್ದರು. ಅಪ್ಪನೂ ಹಾಗೆ ಮಾಡಬಹುದು. ಮೊದಲ ಸಲ ಕೆ.ಆರ್. ಪುರದವರೆಗೆ ಜೊತೆಗೆ ಬರಲಿ, ಆದರೆ ಟಿಕೆಟ್ ಮಗಳೇ ತೆಗೆಯಲಿ, ದಾರಿ ಮಗಳೇ ಕೇಳಲಿ. ಎರಡನೆಯ ಸಲ ಬಂಗಾರಪೇಟೆಯಲ್ಲೇ ಇಳಿದು, ಅಲ್ಲಿನ ಬಣ್ಣವಿಲ್ಲದ ನೀರಿನ ಪಾನಿಪುರಿ ತಿಂದು ಮನೆಗೆ ಹೋಗಲಿ. ಆ ಪಾನಿಪುರಿಯೂ ಈಗ ಊರು ಬಿಟ್ಟು ಬೆಂಗಳೂರಿನ ಬೀದಿಬೀದಿಯಲ್ಲಿ ಬಂಗಾರಪೇಟೆಯ ಹೆಸರಿನ ಬೋರ್ಡು ಹಾಕಿಕೊಂಡು ನಿಂತಿದೆ.

ಮೆಟ್ಟಿಲು ಇನ್ನೂ ಚಿಕ್ಕದಾಗಿ ಬೇಕಿದ್ದರೆ ಇಂಟರ್‌ವ್ಯೂ ಇಲ್ಲದ ದಿನವೇ ಒಮ್ಮೆ ಹೋಗಿಬರಬಹುದು. ಕಂಪನಿಯ ಗೇಟು ಎಲ್ಲಿದೆ, ಹೂಡಿಯಿಂದ ನಡೆದರೆ ಎಷ್ಟು ಹೊತ್ತು, ಹೊರಗೆ ಟೀ ಅಂಗಡಿ ಇದೆಯೇ ಎಂದು ನೋಡಿಕೊಂಡು ಸಂಜೆಯ ರೈಲಿಗೆ ಮರಳಬಹುದು. ಅಂದು ಸಿಗುವುದು ಕೆಲಸವಲ್ಲ. ಮರುವಾರ ಅದೇ ಗೇಟಿನ ಮುಂದೆ ನಿಂತಾಗ ಹೆದರಿಕೆಗೆ ಒಂದು ಕಾರಣ ಕಡಿಮೆಯಾಗಿರುತ್ತದೆ. ಕಾಲೇಜುಗಳು ಕೊನೆಯ ವರ್ಷದ ಮಕ್ಕಳನ್ನು ಹೀಗೆ ಗುಂಪಾಗಿ ಕರೆದುಕೊಂಡು ಹೋಗಬಹುದು. ಅದೇ ಕಾಲೇಜಿನಲ್ಲಿ ಓದಿ ಈಗ ಬೆಂಗಳೂರಿಗೆ ಓಡಾಡುವ ಹಳೆಯ ವಿದ್ಯಾರ್ಥಿಗಳನ್ನು ಜೊತೆಗೆ ಕಳಿಸಿದರೆ ಇನ್ನೂ ಒಳ್ಳೆಯದು. ಸಭಾಂಗಣದಲ್ಲಿ ನಡೆಯುವ ವ್ಯಕ್ತಿತ್ವ ವಿಕಸನದ ಉಪನ್ಯಾಸಕ್ಕಿಂತ ಇದರ ಖರ್ಚು ಹೆಚ್ಚೇನೂ ಆಗದು.

ಅಳುಕನ್ನು ದಾಟಿಸುವ ಚಿಕಿತ್ಸೆಯ ಬಗ್ಗೆ ಕೆಲಸ ಮಾಡಿರುವ ಮಿಶೆಲ್ ಕ್ರಾಸ್ಕ್ ಅವರಂಥ ಸಂಶೋಧಕರು ಒತ್ತಿ ಹೇಳುವ ಒಂದು ಅಂಶವಿದೆ. ಹೆದರಿದ ಕೆಲಸವನ್ನು ಮಾಡಿದರಷ್ಟೇ ಸಾಲದು. ಏನಾಗುತ್ತದೆ ಎಂದು ಹೆದರಿದ್ದೆವು, ಏನಾಯಿತು ಎಂಬ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆ ಅಂತರದಲ್ಲೇ ಮನಸ್ಸು ಕಲಿಯುತ್ತದೆ. ರೈಲಿನಲ್ಲಿ ಓಡಾಡುವವರಿಗೆ ಇದಕ್ಕೆ ಹೊತ್ತು ಧಾರಾಳವಾಗಿದೆ. ಹೋಗುವಾಗ ಮಾಲೂರು ದಾಟುವ ಮೊದಲು ಒಂದು ಚೀಟಿಯಲ್ಲಿ ಬರೆಯಬಹುದು: 'ಇಂಗ್ಲಿಷಿನಲ್ಲಿ ತಡವರಿಸುತ್ತೇನೆ, ಅವರು ನಗುತ್ತಾರೆ, ಅರ್ಧಕ್ಕೇ ಎದ್ದು ಹೋಗು ಎನ್ನುತ್ತಾರೆ.' ಬರುವಾಗ ಅದರ ಕೆಳಗೆ: 'ತಡವರಿಸಿದೆ. ನಗಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದರು.' ಕೆಲಸ ಸಿಗದೇ ಹೋದ ದಿನದ ಚೀಟಿಯನ್ನೂ ಹರಿಯಬೇಡಿ. ಚಾಂಪಿಯನ್ ರೀಫ್‌ನ ತಂಡ ಎರಡು ತಿಂಗಳ ಸೊನ್ನೆಯನ್ನು ಕೂಡ ಲೆಕ್ಕಕ್ಕೆ ತೆಗೆದುಕೊಂಡೇ ಮುಂದಿನ ಉಪಕರಣವನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸಿತ್ತು.